ಕೀವಿಗೆ ಗೌರವ ಕೊಡುತ್ತಿದ್ದ ಮಾವ

ನಮ್ಮ ಸೋದರಮಾವನಿಗೆ ಕೀವಿನ ಮೇಲಿದ್ದಷ್ಟು ಗೌರವ ಬೀಗರ ಮೇಲೂ ಇರಲಿಲ್ಲ. ಎಪ್ಪತ್ತರ ದಶಕದಲ್ಲಿ ಅವರು ಮಾನ್ವಿಯಲ್ಲಿ ವಿಜ್ಞಾನದ ಮಾಸ್ತರು. ಯಾರಿಗೋ ಕುರು ಎದ್ದಿದೆ ಎಂದು ಗೊತ್ತಾದರೆ ಸಾಕು, ಚಪ್ಪಲಿ ಮೆಟ್ಟಿ ನೋಡಲು ಹೊರಡುತ್ತಿದ್ದರು. ಕೂಸು ಹುಟ್ಟಿದ ಮನೆಗೆ ಜನ ಹೋಗುವುದಿಲ್ಲವೇ? ಹಾಗೆ.

ಒಮ್ಮೆ ದೇವದುರ್ಗದಿಂದ ರಾಯಚೂರಿಗೆ ಬಸ್ಸಿನಲ್ಲಿ ಹೊರಟಿದ್ದೆವು. ಪಕ್ಕದವರ ಕುತ್ತಿಗೆಯ ಮೇಲೆ ಹಣ್ಣಾದ ಕುರು. ಹಾಳು ಹೊಲಸು ಎಂದು ಅವರು ಅದರ ಕೀವನ್ನು ಬೈದರು. ಮಾವನಿಗೆ ನೋವಾಯಿತು.

"ಹಂಗನಬ್ಯಾಡ್ರಿ. ನಿಮ್ಮ ಸಲುವಾಗಿ ಸತ್ತ ಬಿಳಿ ರಕ್ತಕಣ ಅವು. ರೋಗದ ಹುಳಾನ ನುಂಗಿ, ನೀವು ಉಸಿರಾಡೋ ಆಮ್ಲಜನಕಾನ ಉರಿ ಮಾಡಿ ಸುಡ್ತಾವು. ಗಾಯಕ್ಕ ಹಾಕಿದ್ರ ನೊರಿ ಬರೋ ಔಷಧ ಅದಲಾ, ಅಂಥಾದ್ದನ್ನ ತಮ್ಮ ಹೊಟ್ಟ್ಯಾಗ ತಾವ ಮಾಡ್ಕೋತಾವು."

ಪಾಠ ಅರ್ಧವೂ ಆಗಿರಲಿಲ್ಲ, ಆ ಮನುಷ್ಯ ಗಬ್ಬೂರಿನಲ್ಲಿ ಇಳಿದುಹೋದರು. ಅವರ ಟಿಕೀಟು ರಾಯಚೂರಿನದಾಗಿತ್ತು.

ನನ್ನ ತಂಗಿಯ ನಿಶ್ಚಯದ ಊಟದಲ್ಲಿ ಬೀಗರೊಬ್ಬರು ಕೀವಾದ ಬೆರಳಿಗೆ ಬಟ್ಟೆ ಸುತ್ತಿಕೊಂಡು ಮಾವನ ಪಕ್ಕದಲ್ಲೇ ಕುಳಿತರು. ಮುಂದಿನದನ್ನು ವಿವರಿಸುವುದಿಲ್ಲ. ಮೊಸರನ್ನದ ಪಾತ್ರೆ ತುಂಬಿದ್ದು ತುಂಬಿದಂತೆಯೇ ಅಡುಗೆಮನೆಗೆ ವಾಪಸಾಯಿತು. ಇನ್ನು ಮೇಲೆ ಉಣ್ಣುವಾಗ ಬಾಯಿ ಮುಚ್ಚಿಕೊಂಡಿರಬೇಕೆಂದು ಅತ್ತೆ ಬೇಡಿಕೊಂಡರು. ಬಾಯಿ ಮುಚ್ಚಿದರೆ ಉಣ್ಣುವುದು ಹೇಗೆ ಎಂದು ಮಾವ ನಿಜವಾಗಿಯೇ ಕೇಳಿದರು.

ಎಂಬತ್ತರ ದಶಕ ಬರುವ ಹೊತ್ತಿಗೆ ಅತ್ತೆಯ ಬೆರಳುಗಳ ಗಿಣ್ಣು ಬಾತವು. ಬೆಳಿಗ್ಗೆ ಎದ್ದರೆ ಬೆರಳು ಮಡಚುತ್ತಿರಲಿಲ್ಲ. ಮಾವ ರಾಯಚೂರಿಗೆ ಕರೆದೊಯ್ದರು. ಡಾಕ್ಟರು ಪರೀಕ್ಷೆ ಮಾಡಿ, ರೋಗಾಣು ಏನೂ ಇಲ್ಲ, ಬಿಳಿ ರಕ್ತಕಣಗಳೇ ಕೀಲಿಗೆ ನುಗ್ಗಿ ಅದೇ ಉರಿಯನ್ನು ಅಲ್ಲಿ ಸುರಿಯುತ್ತಿವೆ ಎಂದರು.

"ಹುಳಾನ ಇಲ್ಲೇನ್ರಿ? ಮತ್ತ ಯಾರನ್ನ ಸುಡಾಕತ್ತಾವು?"

ಡಾಕ್ಟರು ಅತ್ತೆಯ ಕೈ ತೋರಿಸಿದರು.

ವಾಪಸು ಬರುವಾಗ ಮಾವ ಬಸ್ಸಿನಲ್ಲಿ ಯಾರ ಕುರುವನ್ನೂ ವಿಚಾರಿಸಲಿಲ್ಲ. ಅತ್ತೆಗೆ ತಮ್ಮ ಕೈಗಿಂತ ಅದೇ ಹೆಚ್ಚು ಚಿಂತೆಯಾಯಿತಂತೆ.

ಮರುದಿನ ಬೆಳಿಗ್ಗೆ ನಾನು ಹೋದಾಗ ಮಾವ ಬಾಚಣಿಗೆ ಹಿಡಿದು ಅತ್ತೆಯ ಬೆನ್ನ ಹಿಂದೆ ಕುಳಿತಿದ್ದರು. ಸಿಕ್ಕು ಬಂದಲ್ಲೆಲ್ಲ ನಿಲ್ಲಿಸಿ, ನೋವಾಯಿತೇ ಎಂದು ಕೇಳುತ್ತಿದ್ದರು. ಹೆಣೆದ ಜಡೆ ಎಡಗಡೆಗೆ ಸೊಟ್ಟಗೆ ತಿರುಗಿತ್ತು. ಅತ್ತೆ ಅದೇ ಜಡೆಯಲ್ಲಿ ಸಂತೆಗೆ ಹೋದರು. ದಾರಿಯಲ್ಲಿ ಪಕ್ಕದ ಮನೆಯವರು, ಇದನ್ನು ಯಾರು ಹೆಣೆದರೆಂದು ನಕ್ಕರು.

"ನಮ್ಮ ಮನಿಯವ್ರು," ಎಂದರು ಅತ್ತೆ. "ಹೆಣಿಯಾಕ ಬರಂಗಿಲ್ಲ. ಕೈ ಮಾತ್ರ ಭಾಳ ಮೆತ್ತಗ ಅದ."