ಕಡೂರಿನಲ್ಲಿ ದೋಣಿ ರಿಪೇರಿ

ಬಯಲುಸೀಮೆಯಲ್ಲಿ ದೋಣಿ ಇಟ್ಟುಕೊಂಡವನಿಗೆ ಇಂಥದ್ದೆಲ್ಲ ಆಗದಿದ್ದರೇ ಆಶ್ಚರ್ಯ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಸಿಂಗಟಗೆರೆ ಕಡೆಯ ಒಂದು ಕೆರೆಯ ಮೀನು ಗುತ್ತಿಗೆ ಹಿಡಿದಿದ್ದೆ. ಮೀನು ಬಲಿತ ಹೊತ್ತಿಗೆ ಸರಿಯಾಗಿ ದೋಣಿಯ ತಳದ ಹಲಗೆ ಕೊಳೆತು ಕೂತಿತು. ಯುಗಾದಿಗೆ ಗುತ್ತಿಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಹಿಡಿಯದಿದ್ದರೆ ನಾನು ಮರಿ ಬಿಟ್ಟು ಸಾಕಿದ ಮೀನೆಲ್ಲ ಮುಂದಿನ ಗುತ್ತಿಗೆದಾರನ ಪಾಲು.

೧. ಗಾಡಿ ಮೊದಲು

ದೋಣಿ ರಿಪೇರಿ ಅಂಗಡಿ ಬೇಕೆಂದರೆ ಘಟ್ಟ ಇಳಿಯಬೇಕು. ಕಡೂರಿನಲ್ಲಿ ಎತ್ತಿನ ಗಾಡಿ ಮಾಡುವ ಆಚಾರ್ರು ಒಬ್ಬರೇ ಒಪ್ಪಿಕೊಂಡವರು. ಚಕ್ರ ಇಲ್ಲದ ಗಾಡಿ ತಾನೇ, ಎಂಟು ದಿನ ಸಾಕು ಎಂದರು. ಎಂಟನೇ ದಿನ ಬಸ್ಸಿಳಿದು ಹೋದರೆ ದೋಣಿ ಇಳಿಸಿದ ಜಾಗದಲ್ಲೇ ಇದೆ, ಅವರು ಯಾರದ್ದೋ ಗಾಡಿಯ ನೊಗ ಕೆತ್ತುತ್ತಿದ್ದಾರೆ. ನನಗೆ ಸಿಟ್ಟು ನೆತ್ತಿಗೇರಿತು. ಕೂಗಾಡಿದೆ. ಅವರು ಉಳಿ ಕೂಡ ಕೆಳಗಿಡಲಿಲ್ಲ.

"ಗಾಡಿ ನಿಂತ್ರೆ ರೈತ ಕೆಡ್ತಾನೆ. ದೋಣಿ ನಿಂತ್ರೆ ನಾಕು ಮೀನು ಬದ್ಕೊಳ್ತವೆ. ಪುಣ್ಯ ನಿಮಗೂ ಬತ್ತದೆ ಕಣ್ರೀ."

೨. ಕಾವು

ಮತ್ತೆ ಹದಿನೈದು ದಿನ ಬಿಟ್ಟು ಹೋದೆ. ಈ ಸಲ ದೋಣಿಯೊಳಗೆ ಹುಲ್ಲು ಹಾಸಿತ್ತು, ಹುಲ್ಲಿನ ಮೇಲೆ ಪಕ್ಕದ ಮನೆಯ ಕೋಳಿ ಮೊಟ್ಟೆಗೆ ಕಾವು ಕೂತಿತ್ತು. ಎಬ್ಬಿಸಲು ಕೈ ಚಾಚಿದೆ, ಕುಕ್ಕಿತು. ಕಾವಿಗೆ ಕೂತದ್ದನ್ನು ಎಬ್ಬಿಸಬಾರದು ಎಂದು ಆಚಾರ್ರು ನನಗೇ ಬುದ್ಧಿ ಹೇಳಿದರು. ಹಾಗಾದರೆ ಇನ್ನೆಷ್ಟು ದಿನ ಎಂದು ಕೇಳಿದೆ.

"ಇಪ್ಪತ್ತೊಂದು. ನಮ್ಮ ಅಂಗಡೀಲಿ ಹೇಳಿದ ದಿನಕ್ಕೆ ಮುಗಿಯೋ ಕೆಲಸ ಇದೊಂದೇ."

೩. ನೀರಿಗಿಳಿದದ್ದು

ಗುತ್ತಿಗೆ ಮುಗಿಯಲು ಇನ್ನು ಮೂರೇ ದಿನ ಎನ್ನುವಾಗ ದೋಣಿ ಗಾಡಿ ಏರಿ ಕೆರೆಗೆ ಬಂತು. ಹೊಸ ಹಲಗೆ, ಮೇಲೆ ಮಿರಿಮಿರಿ ಡಾಂಬರು. ಹಿಂದೆಯೇ ಆಚಾರ್ರೂ ಬಂದರು, ತಾವು ಮಾಡಿದ ಮೊದಲ ದೋಣಿ ಕೆಲಸ ನೋಡಲು. ನನಗೆ ಖುಷಿಯಲ್ಲಿ ಕಣ್ಣು ತುಂಬಿತು, ಹಳೇ ಸಿಟ್ಟೆಲ್ಲ ಮರೆತು ಅವರನ್ನೂ ಹತ್ತಿಸಿಕೊಂಡೆ.

ಹತ್ತು ಮಾರು ಹೋಗಿರಲಿಲ್ಲ, ನಡುಮಧ್ಯದಿಂದ ನೀರು ಬುಗ್ಗೆಯಾಗಿ ಎದ್ದಿತು. ನೋಡಿದರೆ ತಳದಲ್ಲಿ ಹೆಬ್ಬೆರಳು ಹೋಗುವಷ್ಟು ದುಂಡನೆಯ ತೂತು. ಸೋರುತ್ತಿದೆ ಎಂದು ಬಾಯಿ ಬಡಿದುಕೊಂಡೆ. ಸೋರುವುದಲ್ಲ, ಮಳೆ ನೀರು ನಿಂತೇ ತಾನೇ ಹಳೇ ಹಲಗೆ ಕೊಳೆತದ್ದು, ಅದು ಇಳಿದು ಹೋಗಲಿ ಎಂದು ತಾವೇ ಅಳತೆ ಹಿಡಿದು ಕೊರೆದದ್ದು ಎಂದು ಆಚಾರ್ರು ಸಮಾಧಾನ ಮಾಡಿದರು. ಅಷ್ಟರಲ್ಲಿ ದೋಣಿ ಕೆರೆಯ ತಳ ಸೇರಿತ್ತು. ಇಬ್ಬರೂ ಎದೆಮಟ್ಟ ನೀರಿನಲ್ಲಿ ನಿಂತಿದ್ದೆವು, ನನ್ನ ಮೀನುಗಳು ಕಾಲ ಸಂದಿಯಲ್ಲೇ ಓಡಾಡುತ್ತಿದ್ದವು. ಇದೇನ್ರೀ ಮಾಡಿದಿರಿ ಎಂದು ಅಳುವ ದನಿಯಲ್ಲಿ ಕೇಳಿದೆ. ಆಚಾರ್ರಿಗೆ ನಿಜವಾಗಿಯೂ ಬೇಸರವಾಗಿತ್ತು.

"ನಾನು ತೂತು ಬಿಟ್ಟಿದ್ದು ಒಳಗಿನ ನೀರು ಆಚೆ ಹೋಗ್ಲಿ ಅಂತ. ಆಚೆ ನೀರು ಒಳಗೆ ಬಂದ್ರೆ ಅದಕ್ಕೆ ನಾನೇನ್ ಮಾಡ್ಲಿ ಸ್ವಾಮಿ?"