ಪಿಟೀಲು ಉಳಿಸಿಕೊಟ್ಟ ಊಟದ ಖರ್ಚು

ಮನುಷ್ಯನಿಗೆ ಏನಾದರೂ ಒಂದು ಹವ್ಯಾಸ ಇರಬೇಕು ಎಂದು ಉಪದೇಶ ಮಾಡುವವರು ಸಾಮಾನ್ಯವಾಗಿ ಹವ್ಯಾಸ ಇರುವವನ ಪಕ್ಕದ ಮನೆಯಲ್ಲಿ ವಾಸ ಮಾಡಿರುವುದಿಲ್ಲ. ಅಂಚೆಚೀಟಿ ಕೂಡಿಡುವವನಿಂದ ಯಾರಿಗೂ ತೊಂದರೆಯಿಲ್ಲ. ಗುಲಾಬಿ ಬೆಳೆಸುವವನಿಂದ ಪಕ್ಕದವರಿಗೆ ಒಂದೆರಡು ಹೂವಾದರೂ ಸಿಕ್ಕೀತು. ನಾನು ಆರಿಸಿಕೊಂಡದ್ದು ಪಿಟೀಲು. ಉಳಿದ ವಾದ್ಯಗಳಲ್ಲಿ ಹೊಸಬ ಮಾಡುವ ತಪ್ಪು ಒಂದು ಕ್ಷಣಕ್ಕೆ ಮುಗಿದುಹೋಗುತ್ತದೆ. ಪಿಟೀಲಿನಲ್ಲಿ ಕಮಾನು ಎಷ್ಟು ಉದ್ದ ಇದೆಯೋ ತಪ್ಪೂ ಅಷ್ಟೇ ಉದ್ದ. ಈ ಸತ್ಯ ನನಗೆ ತಿಳಿದದ್ದು ಬಹಳ ತಡವಾಗಿ. ನನ್ನ ಅಕ್ಕಪಕ್ಕದವರಿಗೆ ಮೊದಲ ಸಂಜೆಯೇ ತಿಳಿದಿತ್ತು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಹಿರಿಯೂರು ಕಡೆಯ ಬಯಲುಸೀಮೆಯವನು. ಸಾಗರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಬಂದು ಸೇರಿದಾಗ ನನಗೆ ಇಪ್ಪತ್ತೆರಡು ವರ್ಷ. ತಂದೆ ಇರಲಿಲ್ಲ. ಊರಲ್ಲಿ ತಾಯಿ, ಮತ್ತು ಟೀಚರ್ ಟ್ರೈನಿಂಗಿಗೆ ಸೇರಬೇಕೆಂದು ಕಾದು ಕೂತಿದ್ದ ತಂಗಿ. ಸಂಬಳ ಬಂದ ದಿನ ಮನಿಯಾರ್ಡರು, ಕೋಣೆಯ ಬಾಡಿಗೆ, ಹೋಟೆಲಿನ ಊಟದ ಟಿಕೆಟ್ ಪುಸ್ತಕ ಇವು ಮೂರೂ ಮುಗಿದ ಮೇಲೆ ಉಳಿಯುತ್ತಿದ್ದ ದುಡ್ಡಿನಲ್ಲಿ ಬಟ್ಟೆ ಇಸ್ತ್ರಿ ಮಾಡಿಸಬೇಕೋ ಕ್ಷೌರ ಮಾಡಿಸಬೇಕೋ ಎಂಬುದು ಪ್ರತಿ ತಿಂಗಳ ಜಿಜ್ಞಾಸೆ. ತಂಗಿಯ ಟ್ರೈನಿಂಗಿಗೆ ಎಲ್ಲಿಂದ ತರುವುದು ಎಂಬ ಪ್ರಶ್ನೆಯನ್ನು ತಾಯಿ ಪ್ರತಿ ಕಾಗದದಲ್ಲೂ ಕೇಳದೆಯೇ ಕೇಳುತ್ತಿದ್ದರು. ಇಂಥ ಸ್ಥಿತಿಯಲ್ಲಿದ್ದವನು ಪಿಟೀಲು ಕೊಳ್ಳುತ್ತಾನೆಯೇ ಎಂದು ನೀವು ಕೇಳಬಹುದು. ಇಂಥ ಸ್ಥಿತಿಯಲ್ಲಿದ್ದವನೇ ಕೊಳ್ಳುವುದು. ಸಂಜೆ ಕಚೇರಿ ಬಿಟ್ಟ ಮೇಲೆ ಗುರುತಿನವರೊಬ್ಬರೂ ಇಲ್ಲದ ಊರಲ್ಲಿ, ಒಂದು ಚಾಪೆ, ಒಂದು ಟ್ರಂಕು ಇರುವ ಕೋಣೆಗೆ ಹೋಗಿ ಬೀಗ ತೆಗೆಯುವಾಗ ಏನಾದರೊಂದು ಜೊತೆಗೆ ಬೇಕು ಅನ್ನಿಸುತ್ತದೆ.

ಪಿಟೀಲು ಮಾರಿದವರು ನಿವೃತ್ತರಾದ ಒಬ್ಬ ಮೇಷ್ಟ್ರು. ಹೇಳಿದ್ದ ಬೆಲೆಯಲ್ಲಿ ನಾನು ಕೇಳದೆಯೇ ಕಾಲು ಭಾಗ ಇಳಿಸಿದರು. ಅವರ ಮನೆಯಾಕೆ ಕಮಾನಿಗೆ ಹಚ್ಚುವ ರಾಳವನ್ನು ಪುಕ್ಕಟೆಯಾಗಿ ಕೊಟ್ಟು, ಜೊತೆಗೊಂದು ತೆಂಗಿನಕಾಯಿಯನ್ನೂ ಕೊಟ್ಟು, ನಾನು ಗೇಟು ದಾಟುವವರೆಗೂ ಬಾಗಿಲಲ್ಲಿ ನಿಂತು ನೋಡಿದರು. ಎಷ್ಟು ಸಂಗೀತಾಭಿಮಾನ ಎಂದುಕೊಂಡೆ. ಪಾಠಕ್ಕೆ ಭಾನುವಾರ ಭಾನುವಾರ ಹೊಸನಗರಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಅಲ್ಲಿನ ಗುರುಗಳು ಸಾಧು ಮನುಷ್ಯ. ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ತನ್ಮಯರಾಗಿದ್ದಾರೆ ಎಂದು ನಾನು ಇನ್ನಷ್ಟು ಜೋರಾಗಿ ಎಳೆಯುತ್ತಿದ್ದೆ. ಮಳೆಗಾಲ ಹಿಡಿದ ಮೇಲೆ ಪ್ರತಿ ಪಾಠದ ಕೊನೆಗೂ ಅವರು ಬಸ್ಸಿನ ತೊಂದರೆ ಇದ್ದರೆ ಮುಂದಿನ ವಾರ ಬರದಿದ್ದರೂ ಅಡ್ಡಿಯಿಲ್ಲ ಎಂದು ಕಾಳಜಿಯಿಂದ ಹೇಳುತ್ತಿದ್ದರು. ಬಸ್ಸುಗಳು ಚೆನ್ನಾಗಿಯೇ ಓಡುತ್ತಿದ್ದವು.

ನನ್ನ ಕೋಣೆ ಇದ್ದದ್ದು ಗಣಪತಿ ಹೆಗಡೆಯವರ ಮನೆಯ ಹಿತ್ತಲಿನಲ್ಲಿ. ಹೆಗಡೆಯವರಿಗೆ ಪೇಟೆಯಲ್ಲಿ ಕಿರಾಣಿ ಅಂಗಡಿ. ಅವರ ಹೆಂಡತಿ ಭಾಗೀರಥಕ್ಕ. ಮಗಳು ಶಾರದೆ ಎಸ್ಸೆಸ್ಸೆಲ್ಸಿಗೆ ಎರಡನೇ ಸಲ ಕಟ್ಟಿದ್ದಳು. ಬೇಲಿಯ ಆಚೆ ಬಸ್ ಏಜೆಂಟ್ ಈರಪ್ಪ ನಾಯ್ಕರ ಮನೆ. ಎದುರಿಗೆ ಸುಂದರಮ್ಮ ಟೀಚರ್, ಒಬ್ಬರೇ ಇದ್ದವರು, ಹುಡುಗಿಯರ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಈ ಮೂರು ಮನೆಗಳ ನಡುವೆ ಕೂತು ನಾನು ಸಂಜೆ ಆರಕ್ಕೆ ಸರಳೆ ವರಸೆ ಶುರು ಮಾಡಿದರೆ ಎಂಟರವರೆಗೂ ಬಿಡುತ್ತಿರಲಿಲ್ಲ. ಯಾರೊಬ್ಬರೂ ಒಂದು ಮಾತು ಆಡಲಿಲ್ಲ. ನಮ್ಮ ಬಯಲುಸೀಮೆಯಾಗಿದ್ದರೆ ಎರಡನೇ ದಿನಕ್ಕೇ ಒಬ್ಬ ಬಂದು ಬಾಗಿಲು ಬಡಿದು, ನಿಲ್ಲಿಸ್ತೀಯೋ ಇಲ್ಲವೋ ಎಂದು ಕೇಳಿರುತ್ತಿದ್ದ. ಮಲೆನಾಡಿನವರ ದಾಕ್ಷಿಣ್ಯ ಬೇರೆ ಬಗೆಯದು.

ಒಂದು ವಾರ ಕಳೆದಿರಬೇಕು. ಪಿಟೀಲನ್ನು ಪೆಟ್ಟಿಗೆಯಿಂದ ತೆಗೆದು ಶ್ರುತಿ ಮಾಡುತ್ತಿದ್ದೆ. ಭಾಗೀರಥಕ್ಕ ಬಾಗಿಲಿಗೆ ಬಂದು, ಹೋಟ್ಲು ಊಟ ಉಂಡೂ ಉಂಡೂ ಬೇಜಾರಾಗಿರ್ತದೆ, ಇವತ್ತು ನಮ್ಮಲ್ಲೇ ಊಟಕ್ಕೆ ಬನ್ನಿ ಎಂದು ಕರೆದರು. ಈಗಲೇ ಬನ್ನಿ, ಹೆಗಡೆಯವರ ಹತ್ತಿರ ಮಾತಾಡುತ್ತಾ ಕೂತರಾಯಿತು ಎಂದರು. ಹೋದೆ. ತಂಬುಳಿ, ಗೊಜ್ಜು, ಹಪ್ಪಳ. ಮಾತು ಮುಗಿಯುವಾಗ ಒಂಬತ್ತಾಗಿತ್ತು. ಮರುದಿನ ಈರಪ್ಪ ನಾಯ್ಕರು ಕೇರಂ ಆಡಲು ಕರೆದರು. ಆಟದ ನಂತರ ಅಕ್ಕಿ ರೊಟ್ಟಿ, ಮೀನು ಸಾರು. ಮೀನು ತಿನ್ನುವುದನ್ನು ನಾನು ಕಲಿತದ್ದು ಅವರ ಮನೆಯಲ್ಲೇ. ಆ ವಿಷಯವನ್ನು ಹೆಗಡೆಯವರ ಜಗಲಿಯಲ್ಲಿ ಎತ್ತಲಿಲ್ಲ. ಮೂರನೆಯ ದಿನ ಸುಂದರಮ್ಮ ಟೀಚರು ಉತ್ತರಪತ್ರಿಕೆಗಳ ಅಂಕ ಕೂಡಿಸಲು ಸಹಾಯ ಬೇಕು ಎಂದರು. ಗಣಿತದ ಟೀಚರಿಗೆ ಕೂಡಿಸಲು ನನ್ನ ಸಹಾಯ ಯಾಕೆ ಎಂದು ಆಗ ಹೊಳೆಯಲಿಲ್ಲ. ಕಡುಬು ಬಿಸಿಯಾಗಿತ್ತು.

ಹೀಗೆ ಶುರುವಾದದ್ದು ನಿಲ್ಲಲೇ ಇಲ್ಲ. ಒಂದು ದಿನ ಅವರ ಮನೆ, ಒಂದು ದಿನ ಇವರ ಮನೆ. ನನ್ನಲ್ಲಿ ಏನೋ ಒಂದು ಆಕರ್ಷಣೆ ಇದೆ ಎಂಬ ತೀರ್ಮಾನಕ್ಕೆ ನಾನು ಬಂದೆ. ಕನ್ನಡಿ ಮುಂದೆ ನಿಂತು ಅದು ಏನಿರಬಹುದು ಎಂದು ಹುಡುಕಿದ್ದೂ ಉಂಟು. ಹೋಟೆಲಿನ ಟಿಕೆಟ್ ಪುಸ್ತಕ ಖರ್ಚಾಗದೆ ಉಳಿಯತೊಡಗಿತು. ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ ಭಟ್ಟರು, ಬೇರೆ ಹೋಟೆಲ್ ಹಿಡಿದಿರಾ ಎಂದು ನೊಂದುಕೊಂಡು ಕೇಳಿದರು. ಮೂರನೇ ತಿಂಗಳಿನಿಂದ ಬರೀ ಮಧ್ಯಾಹ್ನದ ಟಿಕೆಟ್ ಕೊಂಡೆ. ಉಳಿದ ದುಡ್ಡನ್ನು ಅಂಚೆ ಕಚೇರಿಯ ಉಳಿತಾಯ ಖಾತೆಗೆ ಹಾಕಿದೆ. ಮುಂದಿನ ವರ್ಷದ ಹೊತ್ತಿಗೆ ತಂಗಿ ಚಿತ್ರದುರ್ಗದಲ್ಲಿ ಟ್ರೈನಿಂಗಿಗೆ ಸೇರಿದಳು. ಮಗ ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ್ದಾನೆ ಎಂದು ತಾಯಿ ಕಾಗದ ಬರೆದು ಅತ್ತಿದ್ದರು. ಆ ಕಾಗದ ಓದುವಾಗ ನಾನು ಪ್ಯಾಂಟನ್ನು ಸೊಂಟದಲ್ಲಿ ಬಿಡಿಸಿ ಹೊಲಿಯಲು ಟೈಲರಿಗೆ ಕೊಟ್ಟು ಬಂದಿದ್ದೆ.

ಪಿಟೀಲು ಮೂಲೆಯಲ್ಲಿ ಕೂತಿತ್ತು. ಬಿಡುವು ಎಲ್ಲಿಂದ? ಭಾನುವಾರವೂ ಹೊಸನಗರಕ್ಕೆ ಹೋಗುವುದು ತಪ್ಪಿತು. ನಾಯ್ಕರೇ ಬಸ್ ಏಜೆಂಟರಾದರೂ, ಭಾನುವಾರ ಸೀಟು ಸಿಗುವುದು ಬಹಳ ಕಷ್ಟ ಎನ್ನುತ್ತಿದ್ದರು. ಶಾರದೆ ಪಾಸಾದಳು. ಹೆಗಡೆಯವರು ಲಾಡು ಕೊಟ್ಟು, ಇದರಲ್ಲಿ ನಿಮ್ಮ ಪಾಲೂ ಉಂಟು ಎಂದರು. ಒಮ್ಮೆ ಅವಳಿಗೆ ಇಂಗ್ಲಿಷ್ ಪದ್ಯವೊಂದನ್ನು ವಿವರಿಸಿದ್ದೆ. ಅಷ್ಟಕ್ಕೇ ಇಷ್ಟು ಕೃತಜ್ಞತೆಯೇ ಎಂದು ವಿನಯದಿಂದ ತಲೆ ಬಗ್ಗಿಸಿ ಎರಡನೇ ಲಾಡು ತೆಗೆದುಕೊಂಡೆ.

ಆಮೇಲೂ ಊಟ ಮುಂದುವರಿದಿತ್ತು. ಹಾಗಿರುವಾಗ ಒಂದು ಸಂಜೆ ಕತ್ತಲಾಗುತ್ತ ಬಂದರೂ ಯಾರೂ ಕರೆಯಲಿಲ್ಲ. ಕಾದೆ. ಒಮ್ಮೆ ಸುಮ್ಮನೆ ಬಾವಿಯವರೆಗೆ ಹೋಗಿ ಎಲ್ಲರಿಗೂ ಕಾಣುವಂತೆ ಮುಖ ತೊಳೆದು ಬಂದೆ. ಕೊನೆಗೆ ಬೇಸರವಾಗಿ ಎಷ್ಟೋ ತಿಂಗಳ ನಂತರ ಪಿಟೀಲು ತೆಗೆದೆ. ಧೂಳು ಒರೆಸಿ ಒಂದು ಸಲ ಕಮಾನು ಎಳೆದೆನೋ ಇಲ್ಲವೋ, ಬೇಲಿಯ ಹತ್ತಿರ ಭಾಗೀರಥಕ್ಕನ ದನಿ ಕೇಳಿಸಿತು. ನಾಯ್ಕರ ಹೆಂಡತಿಯನ್ನು ಕೂಗಿ ಹೇಳುತ್ತಿದ್ದರು:

"ಇವತ್ತು ನಿಮ್ಮನೆ ಪಾಳಿ ಅಲ್ವನೇ? ನೀವು ಕರೀದೆ ಬಿಟ್ರೆ ಅವ್ರು ಪಿಟೀಲು ತೆಗೀದೆ ಇರ್ತಾರಾ?"

ಕಮಾನು ಕೈಯಲ್ಲೇ ಉಳಿಯಿತು. ಒಂದೂವರೆ ವರ್ಷದ ಊಟ ಒಂದೇ ಸಲ ಗಂಟಲಿಗೆ ಬಂದ ಹಾಗಾಯಿತು. ಮೇಷ್ಟ್ರ ಮನೆಯ ತೆಂಗಿನಕಾಯಿ, ಗುರುಗಳ ಮುಚ್ಚಿದ ಕಣ್ಣು, ನಾಯ್ಕರ ಬಸ್ಸಿನಲ್ಲಿ ಸಿಗದ ಸೀಟು ಎಲ್ಲ ಸಾಲಾಗಿ ನಿಂತು ನನ್ನನ್ನೇ ನೋಡಿದವು. ಐದು ನಿಮಿಷದಲ್ಲಿ ನಾಯ್ಕರು ಓಡಿ ಬಂದರು. ಮೇಲಿನೂರಿನ ಬಸ್ಸು ಕೆಟ್ಟು ತಡವಾಯಿತು, ಏಳಿ, ಊಟಕ್ಕೆ ಹೋಗೋಣ ಎಂದರು. ನಾನು ಹೊಟ್ಟೆ ಸರಿಯಿಲ್ಲ ಎಂದು ಬಾಗಿಲು ಹಾಕಿಕೊಂಡೆ.

ಹೊಟ್ಟೆ ಸರಿಯಿಲ್ಲ ಎಂಬ ಸುಳ್ಳನ್ನು ಬೇರೆ ಎಲ್ಲಿ ಹೇಳಿದರೂ ನಡೆದೀತು, ಆ ಸೀಮೆಯಲ್ಲಿ ಹೇಳಬಾರದು. ಬೆಳಗಾಗುವಷ್ಟರಲ್ಲಿ ಹೆಗಡೆಯವರ ಮನೆಯಿಂದ ಓಮದ ಕಷಾಯ ಬಂತು. ನಾಯ್ಕರ ಮನೆಯಿಂದ ಯಾವುದೋ ಮರದ ತೊಗಟೆ ಅರೆದ ಕಪ್ಪು ರಸ ಬಂತು. ಅದನ್ನು ನಾನು ಕುಡಿದು ಮುಗಿಸುವವರೆಗೂ ಅವರು ಕದಲಲಿಲ್ಲ. ಮಧ್ಯಾಹ್ನ ಗಂಜಿ, ಸಂಜೆ ಇನ್ನೊಂದು ಕಷಾಯ. ಮೂರನೆಯ ದಿನಕ್ಕೆ ನನ್ನ ಹೊಟ್ಟೆ ನಿಜವಾಗಿಯೂ ಕೆಟ್ಟಿತು. ಆದರೂ ನಾನು ಬಿಗುಮಾನ ಬಿಡಲಿಲ್ಲ. ಅಷ್ಟು ದಿನ ನಂಬಿಕೊಂಡಿದ್ದ ಪ್ರೀತಿ ಪ್ರೀತಿಯೇ ಅಲ್ಲ, ಬರೀ ಉಪಾಯ ಎಂದು ಗೊತ್ತಾದಾಗ ಆಗುವ ನೋವು ನಗೆಯ ವಿಷಯವಲ್ಲ. ವರ್ಗಾವಣೆಗೆ ಅರ್ಜಿಯನ್ನೂ ಹಾಕಿದೆ.

ಅವತ್ತು ಸಂಜೆ ಸುಂದರಮ್ಮ ಟೀಚರು ಬಂದರು. ತಂದಿದ್ದ ಲೋಟವನ್ನು ಟ್ರಂಕಿನ ಮೇಲಿಟ್ಟು, ಹೊಟ್ಟೆನೋವು ಯಾವ ಕಡೆ ಎಂದು ಕೇಳಿದರು. ನಾನು ಒಮ್ಮೆ ಎಡಗಡೆ ತೋರಿಸಿದೆ, ಇನ್ನೊಮ್ಮೆ ಬಲಗಡೆ. ಅವರು ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸತೊಡಗಿದರು. ನನಗೆ ತಡೆಯಲಾಗಲಿಲ್ಲ. ಬೇಲಿಯ ಹತ್ತಿರ ಕೇಳಿದ್ದನ್ನೆಲ್ಲ ಹೇಳಿಬಿಟ್ಟೆ. ನೀವೆಲ್ಲ ಊಟ ಹಾಕಿದ್ದು ನನ್ನ ಬಾಯಿಗಲ್ಲ, ಪಿಟೀಲಿನ ಬಾಯಿ ಮುಚ್ಚಿಸಲಿಕ್ಕೆ ಎಂದೆ.

ಟೀಚರು ನಗಲಿಲ್ಲ. "ಮೊದಲು ಕರೆದಿದ್ದು ಅದಕ್ಕೇ. ಸುಳ್ಳು ಯಾಕೆ ಹೇಳ್ಲಿ? ಶಾರದೆ ಪುಸ್ತಕ ಹಿಡ್ಕಂಡು ಅಳ್ತಾ ಕೂತಿದ್ಲು. ಹೊರಗಿಂದ ಬಂದ ಹುಡುಗ್ರಿಗೆ ಬಾಯಿಬಿಟ್ಟು ಹೇಳೋದು ಹೆಂಗೆ ಅಂತ ನಾವು ಮೂರು ಮನೆಯೋರೂ ಮಾತಾಡ್ಕಂಡ್ವಿ."

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು.

"ಆದ್ರೆ ಶಾರದೆ ಪಾಸಾಗಿ ಎಷ್ಟು ಕಾಲ ಆಯ್ತು? ಅದಾದ್ಮೇಲೆ ಒಂದಿನ ಆದ್ರೂ ಕರೆಯೋದು ತಪ್ಪಿದ್ಯಾ? ನನಗೂ ಭಾಗೀರಥಿಗೂ ಎರಡು ಸಲ ಮಾತು ಬಂದಿದೆ, ನಿಮ್ಮನ್ನ ಯಾರು ಕರೀಬೇಕು ಅಂತ. ಅದಕ್ಕೇ ಪಾಳಿ ಮಾಡ್ಕಂಡಿದ್ದು. ಪಿಟೀಲು ನಿಲ್ಲಿಸಕ್ಕೆ ಅನ್ನ ಹಾಕಿದ್ರೆ ಸಾಕಾಗಿತ್ತು ಮಾರಾಯ್ರೆ. ರಾಗಿಮುದ್ದೆ ಯಾಕೆ ಮಾಡ್ಬೇಕಿತ್ತು ನಾನು?"

ಆ ಮುದ್ದೆಯ ವಿಷಯ ಹೇಳಬೇಕು. ಯುಗಾದಿಯ ಸುಮಾರಿಗೆ ಒಮ್ಮೆ ಮಾತಿನ ನಡುವೆ, ಊರು ಬಿಟ್ಟ ಮೇಲೆ ಮುದ್ದೆ ಕಂಡಿಲ್ಲ ಎಂದಿದ್ದೆ. ಮುಂದಿನ ವಾರ ನಾಯ್ಕರು ಯಾವುದೋ ಡ್ರೈವರಿಗೆ ಹೇಳಿ ಬಯಲುಸೀಮೆಯಿಂದ ರಾಗಿ ಹಿಟ್ಟು ತರಿಸಿದರು. ಟೀಚರು ಜೀವನದಲ್ಲೇ ಮೊದಲ ಸಲ ಮುದ್ದೆ ತೊಳಸಲು ಹೋಗಿ ಕೈ ಸುಟ್ಟುಕೊಂಡಿದ್ದರು. ತಟ್ಟೆಗೆ ಬಂದದ್ದು ಮುದ್ದೆಯಾಗಿರಲಿಲ್ಲ, ಅಂಬಲಿಗೂ ಅಂಟಿಗೂ ಮಧ್ಯದ ಒಂದು ಪದಾರ್ಥವಾಗಿತ್ತು. ನಾನು ಅದನ್ನು ಎರಡು ಸಲ ಹಾಕಿಸಿಕೊಂಡು ತಿಂದಿದ್ದೆ. ಅವರ ಕೈಗೆ ಸುತ್ತಿದ್ದ ಬಟ್ಟೆಯನ್ನು ನೋಡಿಯೂ ಏನೂ ಕೇಳಿರಲಿಲ್ಲ. ಈಗ ಅದೆಲ್ಲ ಕಣ್ಣ ಮುಂದೆ ಬಂತು. ಟ್ರಂಕಿನ ಮೇಲಿದ್ದ ಲೋಟ ಎತ್ತಿ ಗಟಗಟನೆ ಕುಡಿದೆ. ಮೆಣಸಿನ ಕಷಾಯ, ಕಣ್ಣಲ್ಲಿ ನೀರು ಬಂದದ್ದಕ್ಕೆ ಒಳ್ಳೆಯ ಕಾರಣ ಸಿಕ್ಕಿತು.

"ನಾಳೆ ನಮ್ಮನೇಲಿ ಎಲ್ರಿಗೂ ಊಟ. ಪಿಟೀಲೂ ತಗಂಡು ಬನ್ನಿ," ಎಂದು ಅವರು ಎದ್ದರು. ಬಾಗಿಲ ಹತ್ತಿರ ನಿಂತು ಸ್ವಲ್ಪ ಯೋಚಿಸಿ, "ಒಂದೇ ಒಂದು ನುಡಿಸಿ. ಊಟ ಆದ್ಮೇಲೆ," ಎಂದರು.

ಮರುದಿನ ನುಡಿಸಿದೆ. ಹೆಗಡೆಯವರು ಗೋಡೆಗೆ ಒರಗಿ ಛಾವಣಿ ನೋಡುತ್ತಿದ್ದರು. ಭಾಗೀರಥಕ್ಕ ಎಲೆಗೆ ಸುಣ್ಣ ಸವರುತ್ತಾ ಸವರುತ್ತಾ ಇಡೀ ಎಲೆಯನ್ನು ಬೆಳ್ಳಗೆ ಮಾಡಿದರು. ನಾಯ್ಕರು ತೊಡೆಯ ಮೇಲೆ ತಾಳ ಹಾಕಿದರು. ಆ ತಾಳಕ್ಕೂ ನನ್ನ ನುಡಿಸಾಣಿಕೆಗೂ ಸಂಬಂಧವಿರಲಿಲ್ಲ, ಆದರೆ ಹಾಕಿದರು. ಯಾರೂ ಎದ್ದು ಹೋಗಲಿಲ್ಲ. ಆಮೇಲೆ ದೊಡ್ಡ ದೊಡ್ಡ ಕಛೇರಿಗಳನ್ನು ಕೇಳಿದ್ದೇನೆ. ಅಷ್ಟು ಕಷ್ಟಪಟ್ಟು, ಅಷ್ಟು ಪ್ರೀತಿಯಿಂದ ಕೇಳಿದ ಸಭೆಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಸಿಟ್ಟಿನಲ್ಲಿ ಹಾಕಿದ್ದ ವರ್ಗಾವಣೆಯ ಅರ್ಜಿ, ಬೇಡವೆಂದು ಬೇಡಿಕೊಂಡರೂ ಮಂಜೂರಾಯಿತು. ಸರ್ಕಾರ ಅಷ್ಟು ಚುರುಕಾಗಿ ಕೆಲಸ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮೂರು ಮನೆಯವರೂ ಬಸ್ ಸ್ಟ್ಯಾಂಡಿಗೆ ಬಂದಿದ್ದರು. ಬುತ್ತಿ ಕಟ್ಟಿದ ಗಂಟುಗಳು ನನ್ನ ಸಾಮಾನಿಗಿಂತ ಹೆಚ್ಚಾಗಿದ್ದವು. ತಂಗಿ ಟೀಚರಾಗಿ ಮೊದಲ ಸಂಬಳದಲ್ಲಿ ನನಗೆ ಅಂಗಿ ಬಟ್ಟೆ ಕಳಿಸಿದಾಗ, ಅದೇ ಬೆಲೆಯ ಸೀರೆಯೊಂದನ್ನು ಸಾಗರಕ್ಕೆ ಸುಂದರಮ್ಮ ಟೀಚರಿಗೆ ಕಳಿಸು ಎಂದು ಬರೆದೆ. ಯಾಕೆ ಎಂದು ಅವಳಿಗೆ ವಿವರಿಸಲು ನಾಲ್ಕು ಪುಟ ಬೇಕಾಯಿತು.

ನಾನು ಹೋದದ್ದು ತೀರ್ಥಹಳ್ಳಿಗೆ. ಅಲ್ಲಿ ಬಾಡಿಗೆ ಮನೆ ಹಿಡಿದ ಮೊದಲ ಸಂಜೆಯೇ, ನಿಮ್ಮ ಮುಂದೆ ಮುಚ್ಚಿಡುವುದೇನು, ಎಲ್ಲ ಕಿಟಕಿಗಳನ್ನೂ ತೆರೆದು, ಅಡುಗೆಯ ವಾಸನೆ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಿ, ಆ ಕಡೆಗೆ ಮುಖ ಮಾಡಿ ಪಿಟೀಲು ನುಡಿಸಲು ಕೂತೆ. ಎರಡು ದಿನ ಯಾರೂ ಬರಲಿಲ್ಲ. ಮೂರನೆಯ ದಿನ ಬಾಗಿಲು ಬಡಿದ ಸದ್ದಾಯಿತು. ತಲೆ ಬಾಚಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು, ಊಟಕ್ಕೆ ಸಿದ್ಧನಾಗಿಯೇ ಬಾಗಿಲು ತೆರೆದೆ. ಪಕ್ಕದ ಮನೆಯ ಗೌಡರು ನಿಂತಿದ್ದರು. ಬಹಳ ಚೆನ್ನಾಗಿ ನುಡಿಸುತ್ತೀರಿ ಎಂದರು. ತಮ್ಮ ಇಬ್ಬರು ಮಕ್ಕಳಿಗೂ ಕಲಿಸಬೇಕು, ಸಂಕೋಚ ಪಡದೆ ತಿಂಗಳಿಗೆ ಎಷ್ಟಾಗುತ್ತದೆ ಹೇಳಿ ಎಂದರು. ಹೇಳಿದೆ, ಎರಡು ವರ್ಷ ತೆಗೆದುಕೊಂಡೆ ಕೂಡ. ನುಡಿಸಬೇಡ ಎಂದು ಊಟ ಹಾಕಿದವರು, ನುಡಿಸು ಎಂದು ದುಡ್ಡು ಕೊಟ್ಟವರು, ಇಬ್ಬರ ಋಣವೂ ನನ್ನ ಮೇಲಿದೆ. ಆದರೆ ಈ ಎರಡು ಊರುಗಳಲ್ಲಿ ಸಂಗೀತಜ್ಞಾನ ಯಾರಿಗೆ ಹೆಚ್ಚು ಎಂದು ಯಾರಾದರೂ ಕೇಳಿದರೆ, ಗೌಡರ ಕ್ಷಮೆ ಕೋರಿ, ನಾನು ಸಾಗರದ ಹೆಸರನ್ನೇ ಹೇಳಬೇಕಾಗುತ್ತದೆ.