ಜವರಪ್ಪನವರ ನೋಟದ ಮೀಟರು

“ಮೀಟರ್ ಸುಳ್ಳು ಹೇಳಲ್ಲ ಪಂಕಜಮ್ಮನೋರೇ! ಮನುಷ್ಯ ಹೇಳ್ತಾನೆ, ಮೀಟರ್ ಹೇಳಲ್ಲ!”

ಹೀಗೆಂದು ನಮ್ಮ ಪಕ್ಕದ ಮನೆಯ ಜವರಪ್ಪನವರು ವರಾಂಡದ ಮೇಜಿನ ಮೇಲೆ ಹೊದಿಸಿದ್ದ ಟವೆಲನ್ನು ಮಂತ್ರಿಗಳು ಉದ್ಘಾಟನೆಯ ಪರದೆ ಎಳೆಯುವ ಠೀವಿಯಲ್ಲಿ ಎಳೆದರು. ಅಡಿಯಲ್ಲಿದ್ದದ್ದು ಕರೆಂಟಿನ ಹಳೇ ಮೀಟರು. ಅದೇ ಗಾಜು, ಅದೇ ತಿರುಗುವ ಅಲ್ಯೂಮಿನಿಯಂ ಬಿಲ್ಲೆ, ಅದೇ ಅಂಕಿಗಳ ಪುಟ್ಟ ಕಿಟಕಿ. ವಿದ್ಯುತ್ ಇಲಾಖೆಯಲ್ಲಿ ಮೀಟರ್ ಪರೀಕ್ಷೆ ಮಾಡಿಯೇ ನಿವೃತ್ತರಾದ ಮನುಷ್ಯ. ಏನು ಕಂಡುಹಿಡಿಯಲು ಹೊರಟರೂ ಅದು ಕೊನೆಗೆ ಮೀಟರೇ ಆಗಿಬಿಡುತ್ತದೆ. ಹೋದ ವರ್ಷ ಗೊರಕೆಗೊಂದು ಮಾಡಿದ್ದರು. ಅದು ಗೊರಕೆಗಿಂತ ಜೋರಾಗಿ ಕಿರುಚಿ ಇಡೀ ಹಾಸನವನ್ನೇ ಎಬ್ಬಿಸಿತ್ತು!

“ಇದು ನೋಟದ ಮೀಟರು. ಹಿಂದಿನಿಂದ ಯಾರಾದ್ರೂ ದಿಟ್ಟಿಸಿದ್ರೆ ನಮಗೆ ಗೊತ್ತಾಗುತ್ತಾ ಇಲ್ವಾ? ಯಾಕೆ? ನೋಟಕ್ಕೂ ಒತ್ತಡ ಇದೆ! ಈ ಕೈಪಟ್ಟಿ ಕಟ್ಕೊಂಡೋರ ಮೇಲೆ ಎಷ್ಟು ನೋಟ ಬಿತ್ತೋ ಅಷ್ಟು ಯೂನಿಟ್ಟು ಇಲ್ಲಿ ಏರುತ್ತೆ.”

ತಮ್ಮ ಕೈಗೇ ಪಟ್ಟಿ ಕಟ್ಟಿಕೊಂಡು ಎದೆಯುಬ್ಬಿಸಿ ನಿಂತರು. ಬಿಲ್ಲೆ ಅಲ್ಲಾಡಲಿಲ್ಲ. ನಾವೆಲ್ಲ ಮೀಟರನ್ನು ನೋಡುತ್ತಿದ್ದೆವೇ ಹೊರತು ಅವರನ್ನಲ್ಲ. ಮುಖ ಹುಳ್ಳಗೆ ಮಾಡಿಕೊಂಡು, ಅಷ್ಟರಲ್ಲಿ ಕಾಫಿ ತಂದ ಹೆಂಡತಿ ಚೆಲುವಮ್ಮನವರ ಕೈಗೆ ಪಟ್ಟಿ ಬಿಗಿದರು. ನಾವು ಲೋಟ ತೆಗೆದುಕೊಂಡು ಕಾಫಿ ಹೀರಿದೆವು. ಬಿಲ್ಲೆ ಮೆಲ್ಲಗೆ ಹಿಂದಕ್ಕೆ ತಿರುಗತೊಡಗಿತು!

“ಇದೇನ್ರೀ, ಹಿಂದಕ್ಕೆ ಹೋಗ್ತಿದೆ?”

“ಎದುರಿಗೇ ನಿಂತಿದ್ರೂ ನೋಡ್ದೇ ಇದ್ರೆ ಹಂಗಾಗುತ್ತೆ,” ಎಂದರು ಜವರಪ್ಪ, ಹೆಂಡತಿಯ ಕಡೆ ನೋಡದೆ.

“ಸದ್ಯ, ಈ ಮನೇಲಿ ಒಂದು ಸಾಮಾನಿಗಾದ್ರೂ ಅದು ಗೊತ್ತಾಯ್ತಲ್ಲ,” ಎಂದು ಚೆಲುವಮ್ಮ ಪಟ್ಟಿ ಬಿಚ್ಚಿಟ್ಟು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

“ಅದನ್ನ ಸರಿಮಾಡಿ,” ಎಂದೆ.

“ಸೀಸದ ಸೀಲ್ ಹಾಕಿಯಾಯ್ತು! ಸೀಲ್ ಹಾಕಿದ ಮೀಟರ್ ಬಿಚ್ಚೋದು ಅಪರಾಧ ಕಣ್ರೀ! ಸರ್ವಿಸ್‌ನಲ್ಲಿ ಒಂದು ದಿನ ಮಾಡಿಲ್ಲ, ಈಗ ಮಾಡ್ತೀನಾ?”

ಆ ಮೀಟರನ್ನು ಆವತ್ತೇ ಎತ್ತಿ ಚರಂಡಿಗೆ ಎಸೆಯಬೇಕಿತ್ತು. ಎಸೆಯಲಿಲ್ಲ. ಯಾಕೆಂದರೆ ನನ್ನ ಪಕ್ಕದಲ್ಲಿ ಕೂತಿದ್ದ ಮಲ್ಲೇಶಪ್ಪನವರು ಕಾಫಿ ಚೆಲ್ಲಿಕೊಂಡು ಎದ್ದು, “ನಮ್ಮ ಪ್ರಶಸ್ತಿಗೆ ಇದೇ ಬೇಕಾಗಿದ್ದು!” ಎಂದು ಕೂಗಿಬಿಟ್ಟರು.

ಮಲ್ಲೇಶಪ್ಪನವರು ಊರಿನ ಟೆನಿಸ್ ಅಭಿಮಾನಿ ಬಳಗದ ಅಧ್ಯಕ್ಷರು. ಅವರು ರಾಕೆಟ್ ಹಿಡಿದದ್ದನ್ನು ಕಂಡವರಿಲ್ಲ. ಮೈಕು ಹಿಡಿದದ್ದನ್ನು ಎಲ್ಲರೂ ಕಂಡಿದ್ದೇವೆ. ಬಳಗ ಪ್ರತಿ ಸೀಸನ್ನಿನ ಕೊನೆಗೆ ‘ಯಾರೂ ಗಮನಿಸದ ಆಟಗಾರ’ ಎಂಬ ಪ್ರಶಸ್ತಿ ಕೊಡುತ್ತದೆ. ಅಭಿಮಾನಿಗಳೇ ಹೆಸರು ಸೂಚಿಸಬೇಕು. ಗೆದ್ದವರಿಗೆ ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಮತ್ತು ಮುಂದಿನ ತಿಂಗಳ ದೊಡ್ಡ ಟೂರ್ನಿಯ ಮುಖ್ಯ ಸುತ್ತಿಗೆ ನೇರ ಪ್ರವೇಶ. ಪ್ರತಿ ವರ್ಷವೂ ಜಗಳ! ನೂರಾರು ಜನ ಸೇರಿ ‘ಇವರನ್ನು ಯಾರೂ ಗಮನಿಸಿಲ್ಲ’ ಎಂದು ಗಂಟಲು ಹರಿದುಕೊಂಡ ಮೇಲೆ ಅವರನ್ನು ಯಾರೂ ಗಮನಿಸಿಲ್ಲ ಎನ್ನುವುದು ಹೇಗೆ? ಈ ವರ್ಷದಿಂದ ಮೀಟರೇ ಹೇಳಲಿ, ಹೆಸರು ಬಂದವರಿಗೆಲ್ಲ ಜವರಪ್ಪ ಒಂದೊಂದು ಮೀಟರು ಮಾಡಿಕೊಡಲಿ, ಯಾರ ಅಂಕಿ ಕಡಿಮೆಯೋ ಅವರಿಗೆ ಪ್ರಶಸ್ತಿ ಎಂದು ತೀರ್ಮಾನವಾಯಿತು.

ನಾನು ಹಂಸಿನಿಯ ಹೆಸರು ಕೊಟ್ಟೆ.

ಹಂಸಿನಿ ನನ್ನ ತಂಗಿಯ ಮಗಳು. ತಂಗಿ ಹೋದ ಮೇಲೆ ನನ್ನ ಕೈಯಲ್ಲೇ ಬೆಳೆದವಳು. ಓದು ಬಿಟ್ಟಳು, ಮದುವೆ ಬೇಡವೆಂದಳು, ಟೆನಿಸ್ ಬಿಡಲಿಲ್ಲ. ಯಾವ ದೊಡ್ಡ ಟೂರ್ನಿಗೆ ಹೋದರೂ ಅರ್ಹತಾ ಸುತ್ತಿನ ಕೊನೆಯ ಪಂದ್ಯದಲ್ಲಿ ಸೋತು ಬರುತ್ತಾಳೆ. ಮುಖ್ಯ ಸುತ್ತಿನಲ್ಲಿ ಅವಳ ಹೆಸರು ಒಂದು ಸಲವೂ ಬಂದಿಲ್ಲ. ಬಲಮಂಡಿ ಈಗಾಗಲೇ ಮಾತು ಕೇಳುತ್ತಿರಲಿಲ್ಲ. ಈ ಸೀಸನ್ ಮುಗಿದರೆ ಮುಗಿಯಿತು ಎಂದು ಡಾಕ್ಟರು ಹೇಳಿದ್ದರು.

“ನೋಡ್ದೇ ಇದ್ದಿದ್ದಕ್ಕೆ ಪ್ರಶಸ್ತಿನಾ ದೊಡ್ಡಮ್ಮ?” ಎಂದು ನಕ್ಕಳು. ಆಮೇಲೆ ಪಟ್ಟಿ ಕಟ್ಟಿಸಿಕೊಳ್ಳುತ್ತಾ, “ಒಂದೇ ಒಂದು ಸಲ ಮುಖ್ಯ ಸುತ್ತು ಆಡಿ ಬಿಡ್ತೀನಿ. ಸೋತರೂ ಪರವಾಗಿಲ್ಲ,” ಎಂದಳು. ಅವಳು ಏನನ್ನೂ ಬೇಕು ಎಂದು ಕೇಳಿದವಳಲ್ಲ.

ಹೆಸರು ಸೂಚಿಸಿದ ಮರುವಾರದ ಪಂದ್ಯಕ್ಕೆ ಜನವೋ ಜನ! ‘ಅಯ್ಯೋ ಪಾಪ, ಯಾರೂ ನೋಡಲ್ವಂತೆ’ ಎಂದು ನೋಡಲು ಬಂದವರು. ಕ್ಲಬ್ಬಿನ ಗೋಡೆಗೆ ಹಾಕಿದ್ದ ಅವಳ ಮೀಟರು ಗಿರ್ರನೆ ತಿರುಗಿತು. ಸಂಜೆಯ ಹೊತ್ತಿಗೆ ಹಂಸಿನಿ ಸ್ಪರ್ಧಿಗಳ ಯಾದಿಯಲ್ಲಿ ಕಟ್ಟಕಡೆಗೆ ಹೋಗಿದ್ದಳು.

“ಬುದ್ಧಿ ಇದೆಯೇನ್ರೀ ನಿಮಗೆ?” ಎಂದು ಮಲ್ಲೇಶಪ್ಪ ಎಲ್ಲರನ್ನೂ ತರಾಟೆಗೆ ತೆಗೆದುಕೊಂಡರು. “ಹುಡುಗಿ ಮೇಲೆ ಪ್ರೀತಿ ಇದ್ರೆ ಅವಳ ಕಡೆ ಕಣ್ಣೆತ್ತಿ ನೋಡ್ಬೇಡಿ!”

“ಹಂಗಾದ್ರೆ ಮನೇಲೇ ಇರೋಣ ಬಿಡಿ,” ಎಂದೆ.

“ಅದು ಹೆಂಗಾಗುತ್ತೆ? ಬೆಂಬಲ ಕೊಡ್ಬೇಡ್ವಾ? ಬರೋದು, ಬೆನ್ನು ತಿರುಗಿಸಿ ಕೂರೋದು!”

ಇಂಥದ್ದು ನಮ್ಮೂರಿನವರಿಗೆ ಮಾತ್ರ ಹೊಳೆಯುತ್ತದೆ. ಹಿಂದಕ್ಕೆ ಹೋಗುವ ಮೀಟರಿನ ಗುಣ ನೆನಪಾಗಿ ನಾನೂ ನನ್ನ ಕೈಚಳಕ ತೋರಿಸಿದೆ. ಆ ಸಂಜೆ ಉಪ್ಪು, ಒಣಮೆಣಸಿನಕಾಯಿ ಹಿಡಿದು ಹಂಸಿನಿಗೆ ದೃಷ್ಟಿ ತೆಗೆದೆ. ‘ಊರ ಕಣ್ಣು, ಮಾರಿ ಕಣ್ಣು’ ಎಂದು ನಿವಾಳಿಸಿ ಒಲೆಗೆ ಹಾಕಿದ್ದೇ ತಡ, ಜವರಪ್ಪ ಕ್ಲಬ್ಬಿನಿಂದ ಫೋನು ಮಾಡಿದರು. “ಏನ್ರೀ ಮಾಡಿದ್ರಿ? ಬಿಲ್ಲೆ ಹಿಂದಕ್ಕೆ ಓಡ್ತಿದೆ!” ವಾರವೆಲ್ಲ ದೃಷ್ಟಿ ತೆಗೆದೆ. ಘಾಟಿಗೆ ಬೀದಿಯವರೆಲ್ಲ ಕೆಮ್ಮಿದರು. ಹಂಸಿನಿಯ ಅಂಕಿ ಇಳಿಯುತ್ತಾ ಬಂತು.

ಸೀಸನ್ನಿನ ಕೊನೆಯ ಟೂರ್ನಿ ನಮ್ಮ ಕ್ಲಬ್ಬಿನದೇ. ಅದರ ಸೆಮಿಫೈನಲ್ ದಿನ, ಪ್ರಶಸ್ತಿಗೆ ಹೆಸರಿದ್ದ ಬೇರೆ ಊರಿನ ಸ್ಪರ್ಧಿಯ ಕಡೆಯವರು ಒಂದು ಬಸ್ಸು ಮಾಡಿಕೊಂಡು ಬಂದರು. ಆಟ ನೋಡಲಲ್ಲ, ಹಂಸಿನಿಯನ್ನು ದಿಟ್ಟಿಸಲು! ಕಣ್ಣು ಮಿಟುಕಿಸದೆ ಸಾಲಾಗಿ ಕೂತರು. ಒಬ್ಬ ದುರ್ಬೀನನ್ನೇ ತಂದಿದ್ದ. ನಾವು ಹೊಸ ಮನೆಗಳಿಗೆ ಕಟ್ಟುವ ದೃಷ್ಟಿಬೊಂಬೆಯೊಂದನ್ನು ತಂದು ಕೋರ್ಟಿನ ಬೇಲಿಗೆ ಕಟ್ಟಿದೆವು. ಕೋರೆಹಲ್ಲು, ಕೆಂಪು ನಾಲಿಗೆ, ಗುಡ್ಡೆಗಣ್ಣು. ಬಂದವರಲ್ಲಿ ಅರ್ಧ ಜನರ ಕಣ್ಣು ಅದಕ್ಕೇ ಅಂಟಿಕೊಂಡಿತು. ಉಳಿದವರು ನಮ್ಮನ್ನು ತಿರುಗಿಸಲು ಉಪಾಯ ಹೂಡಿದರು.

“ಹಾವು! ಕೋರ್ಟಿಗೆ ಹಾವು ಬಂತು!”

ಬೆನ್ನು ತಿರುಗಿಸಿದ್ದ ನಮ್ಮವರೆಲ್ಲ ಒಟ್ಟಿಗೆ ಹಿಂದಿರುಗಿ ನೋಡಿದರು. ಹಾವಿರಲಿಲ್ಲ. ಹಂಸಿನಿ ಇದ್ದಳು. ಮೀಟರು ಗಿರ್ರೆಂದಿತು. ಆ ಪಂದ್ಯ ಅವಳು ಗೆದ್ದಳಂತೆ. ಹೇಗೆ ಗೆದ್ದಳೆಂದು ಕೇಳಿದರೆ ನಾವ್ಯಾರೂ ಹೇಳಲಾರೆವು.

“ಇನ್ಮೇಲೆ ಯಾರು ಏನೇ ಕೂಗ್ಲಿ, ತಿರುಗೋ ಹಂಗಿಲ್ಲ!” ಎಂದು ಮಲ್ಲೇಶಪ್ಪ ಆಣೆ ಹಾಕಿಸಿದರು. ಫೈನಲ್ಲಿಗೆ ಹೊರಗಿನವರು ಬಾರದಂತೆ ಗೇಟಿಗೆ ಬೀಗ ಬಿತ್ತು.

ಫೈನಲ್ ಹಿಂದಿನ ಸಂಜೆ ಹಂಸಿನಿ ನನ್ನ ಪಕ್ಕ ಬಂದು ಕೂತಳು. “ದೊಡ್ಡಮ್ಮ, ನಾಳೆ ನೀವೊಬ್ರಾದ್ರೂ ನೋಡ್ತೀರಾ? ಒಬ್ರು ನೋಡಿದ್ರೆ ಎಷ್ಟು ಮಹಾ ಏರುತ್ತೆ?”

“ಸುಮ್ನಿರು. ಕೂದಲೆಳೆಯಷ್ಟು ಮುಂದಿದೀಯ. ಪ್ರವೇಶ ಸಿಗ್ಲಿ, ಮುಖ್ಯ ಸುತ್ತಲ್ಲಿ ಕಣ್ತುಂಬ ನೋಡ್ತೀನಿ,” ಎಂದೆ.

ಅವಳು ತಲೆಯಾಡಿಸಿದಳು. ನಾನಾಡಿದ ಆ ಮಾತು ನೆನೆದರೆ ಈಗಲೂ ನನ್ನ ನಾಲಿಗೆಗೆ ಬರೆ ಹಾಕಿಕೊಳ್ಳಬೇಕೆನ್ನಿಸುತ್ತದೆ.

ಎದುರಾಳಿ ಹುಬ್ಬಳ್ಳಿಯ ದಾನೇಶ್ವರಿ, ವಯಸ್ಸಿನಲ್ಲಿ ಬಹಳ ಚಿಕ್ಕವಳು. ಒಬ್ಬಳೇ ಬಂದಿದ್ದಳು. ಕೋರ್ಟಿಗೆ ಇಳಿದವಳು, ಸುತ್ತ ಬರೀ ಬೆನ್ನುಗಳನ್ನು ಕಂಡು ಗಾಬರಿಯಾದಳು.

“ಇವ್ರೆಲ್ಲಾ ಯಾಕ್ರೀ ಮಾರಿ ಆ ಕಡೆ ಮಾಡ್ಯಾರ? ನಾ ಏನರ ತಪ್ಪ್ ಮಾಡೇನೇನ್ರೀ?”

“ಇಲ್ಲಮ್ಮ, ಇದು ನಮ್ಮ ಪ್ರೀತಿ,” ಎಂದರು ಅಂಪೈರು. ಅವರು ಮಲ್ಲೇಶಪ್ಪನವರ ಷಡ್ಡಕ. ಚೆಂಡು ಹಂಸಿನಿಯ ಕಡೆ ಹೋದಾಗಲೆಲ್ಲ ದೃಷ್ಟಿಬೊಂಬೆಯನ್ನು ನೋಡುವುದೆಂದು ಅವರೊಂದಿಗೆ ಒಪ್ಪಂದವಾಗಿತ್ತು.

ನಾನು ಗೋಡೆಗೆ ಮುಖ ಮಾಡಿ ಕೂತು ಕೇಳಿಸಿಕೊಂಡೆ. ಟಪ್, ಟಪ್, ಬೂಟಿನ ಜಾರು, ಹಂಸಿನಿಯ ಉಸಿರು. ಅಂಥ ಆಟವನ್ನು ಅವಳು ಜನ್ಮದಲ್ಲಿ ಆಡಿರಲಾರಳು. ಬೆನ್ನಿಗೇ ತಿಳಿಯುತ್ತಿತ್ತು. ಅಂಕ ಕೂಗಿದಾಗಲೆಲ್ಲ ನಾವು ಗೋಡೆಗೆ ಚಪ್ಪಾಳೆ ತಟ್ಟಿದೆವು. ಕೊನೆಗೆ ಅಂಪೈರು, “ಹಂಸಿನಿಗೆ ಇನ್ನೊಂದು ಪಾಯಿಂಟ್ ಸಿಕ್ಕರೆ ಪಂದ್ಯ,” ಎಂದರು.

ಟಪ್. ಟಪ್. ಓಡಿದ ಸದ್ದು. ಜೋರಾಗಿ ಒಂದು ಹೊಡೆತ. ಆಮೇಲೆ ರಾಕೆಟ್ ನೆಲಕ್ಕೆ ಬಿದ್ದ ಸದ್ದು.

“ಅಕ್ಕಾ ಬಿದ್ದಾಳ್ರೀ! ಹೊಳ್ಳಿ ನೋಡ್ರೀ! ಯಾರರ ಬರ್ರೀ!” ಎಂದು ದಾನೇಶ್ವರಿ ಚೀರಿದಳು.

“ತಿರುಗ್ಬೇಡಿ!” ಮಲ್ಲೇಶಪ್ಪ ಅಬ್ಬರಿಸಿದರು. “ಹಾವಿನ ನಾಟಕಾನೇ ಇದೂ! ಯಾರೂ ತಿರುಗ್ಬೇಡಿ!”

“ನಾಟಕ ಅಲ್ರೀ! ಕಾಲ್ ತಿರುಚೇತ್ರೀ!”

“ಯಾರದು ಕಳ್ಳನೋಟ?” ಇದು ಜವರಪ್ಪ. ಅವರ ಕಣ್ಣು ಮೀಟರಿನ ಮೇಲೆ. “ಯಾರೋ ಒಬ್ರು ನೋಡ್ತಿದೀರ! ಬಿಲ್ಲೆ ತಿರುಗ್ತಿದೆ! ಆ ಹುಡುಗೀದಲ್ದೆ ಇನ್ನೊಂದು ಜೊತೆ ಕಣ್ಣು! ಯಾರದು ಹೇಳಿ!”

ನಾವು ಆಣೆಯಿಟ್ಟವರು. ಅಲ್ಲಾಡಲಿಲ್ಲ. ಅಷ್ಟರಲ್ಲಿ ಮೀಟರಿನಿಂದ ಸೈರನ್ನು ಮೊಳಗಿತು. ಆಟ ನಿಂತದ್ದರಿಂದ ಸೀಸನ್ ಮುಗಿಯಿತೆಂದು ಅದು ತಾನೇ ಲೆಕ್ಕ ಹಾಕಿತ್ತು. ಗೆದ್ದವರ ಮೇಲೆ ಸುರಿಯಲೆಂದು ಕೋರ್ಟಿನ ಮೇಲೆ ಕಟ್ಟಿದ್ದ ಹೂಬುಟ್ಟಿ ತೆರೆದು ಸೇವಂತಿಗೆ ಎಸಳು ಸುರಿದವು. “ಹಂಸಿನಿ ಗೆದ್ಲು!” ಎಂದು ಜನ ಬೆನ್ನು ತಿರುಗಿಸಿಕೊಂಡೇ ಕುಣಿದರು.

ಆಗ ಸ್ಟೀಲ್ ಫ್ಲಾಸ್ಕು ಬಿದ್ದು ಉರುಳಿದ ಸದ್ದಾಯಿತು. ಕಾಫಿ ತಂದಿದ್ದ ಚೆಲುವಮ್ಮನವರು ಸೀರೆ ಎತ್ತಿಕಟ್ಟಿ ಕೋರ್ಟಿಗೆ ಓಡಿದ್ದರು. “ತಿರುಗ್ರೋ ಪಾಪಿಗಳಾ!” ಎಂದು ಅವರು ಕೂಗಿದಾಗ ನಾನು ತಿರುಗಿದೆ.

ಸೇವಂತಿಗೆಯ ನಡುವೆ ನನ್ನ ಮಗು ಮಂಡಿ ಹಿಡಿದುಕೊಂಡು ಬಿದ್ದಿತ್ತು. ಪಕ್ಕದಲ್ಲಿ ದಾನೇಶ್ವರಿ ಅಳುತ್ತಾ ಕೂತಿದ್ದಳು. ಹಂಸಿನಿ ಅಳುತ್ತಿರಲಿಲ್ಲ. ಬೇಲಿಯ ಮೂಲೆಯತ್ತ ಕತ್ತು ಚಾಚಿ ಏನನ್ನೋ ಹುಡುಕುತ್ತಿದ್ದಳು.

ಮಂಡಿಯೊಳಗೆ ಎಲ್ಲ ಹರಿದಿದೆ ಎಂದರು ಡಾಕ್ಟರು. ಇನ್ನು ಆಡುವ ಮಾತಿಲ್ಲ. ಮುಂದೆ ಆಡಲಾಗದ ಕಾರಣ ಪಂದ್ಯ ದಾನೇಶ್ವರಿಗೆ ಹೋಯಿತು. ಮುಖ್ಯ ಸುತ್ತಿನ ಪ್ರವೇಶ ಮಾತ್ರ ಹಂಸಿನಿಗೆ ಖಾತ್ರಿ!

ಆದರೂ ಸಮಾರಂಭ ಬಿಡಲಾದೀತೇ? ಶಾಮಿಯಾನ ಹಾಕಿಸಿಯಾಗಿತ್ತು. ಗಾಲಿಕುರ್ಚಿಯಲ್ಲಿ, ಕೈಪಟ್ಟಿಯ ಸಮೇತ, ಅವಳನ್ನು ವೇದಿಕೆಗೆ ತಂದರು. ಮೀಟರನ್ನೂ ಹೂವು ಮುಡಿಸಿ ಪಕ್ಕದಲ್ಲಿಟ್ಟರು. ಅಷ್ಟೂ ಜನ ಅವಳತ್ತ ಮುಖ ಮಾಡಿ ಕೂತಿದ್ದರು. ಬಿಲ್ಲೆ ತಿರುಗಲಿಲ್ಲ.

“ಕೆಟ್ಟಿದೆ,” ಎಂದೆ.

ಜವರಪ್ಪ ಬಗ್ಗಿ ನೋಡಿ ಪಿಸುಗುಟ್ಟಿದರು. “ಮೀಟರ್ ಸರಿಯಾಗೇ ಇದೆ. ಎಲ್ರೂ ಕಾಲಿನ ಬ್ಯಾಂಡೇಜ್ ನೋಡ್ತಿದಾರೆ, ಅವಳನ್ನಲ್ಲ.”

ಶಾಲು ಹೊದಿಸಿದರು. ಹಾರ ಹಾಕಿದರು. ಗ್ರೂಪ್ ಫೋಟೋಗೆ ಬಳಗದವರೆಲ್ಲ ವೇದಿಕೆಗೆ ನುಗ್ಗಿದರು. ಎಲ್ಲರ ಕಣ್ಣೂ ಕ್ಯಾಮೆರಾದ ಮೇಲೆ. ಹಂಸಿನಿ ಮಲ್ಲೇಶಪ್ಪನವರ ಪೇಟದ ಹಿಂದೆ ಎಲ್ಲೋ ಇದ್ದಳು. ಬಿಲ್ಲೆ ಹಿಂದಕ್ಕೆ ತಿರುಗಿತು. ಮೊದಲು ಮೆಲ್ಲಗೆ, ಆಮೇಲೆ ಬಿರುಸಾಗಿ. ಅಂಕಿ ಇಳಿದು ಇಳಿದು ಸೊನ್ನೆಗೆ ಬಂತು. ಸೊನ್ನೆಗಿಂತ ಕೆಳಗೆ ಹೋಗಲು ಮೀಟರಿಗೆ ಅಂಕಿಗಳೆಲ್ಲಿವೆ? ಟಕ್ಕೆಂದು ಕಿಟಕಿಯ ತುಂಬ ಒಂಬತ್ತು, ಒಂಬತ್ತು, ಒಂಬತ್ತು!

ನಿಯಮದ ಪ್ರಕಾರ ಹಂಸಿನಿ ಈಗ ರಾಜ್ಯದಲ್ಲೇ ಎಲ್ಲರಿಗಿಂತ ಹೆಚ್ಚು ನೋಡಲ್ಪಟ್ಟ ಆಟಗಾರ್ತಿ!

“ಸೀಲ್ ಒಡೀರಿ! ನಿಮಗೇ ಗೊತ್ತಲ್ಲ ಇದು ತಪ್ಪು ಅಂತ!” ಎಂದು ನಾನು ಜವರಪ್ಪನವರ ಅಂಗಿ ಹಿಡಿದೆ.

“ತಪ್ಪೇ ಇರಬಹುದು ಪಂಕಜಮ್ಮನೋರೇ. ಆದ್ರೆ ಸೀಲ್ ಸರಿಯಾಗಿದೆ.” ಅವರ ಕೈ ಸೀಲಿನತ್ತ ಹೋಗಲಿಲ್ಲ.

ಮಲ್ಲೇಶಪ್ಪನವರು ಬಹಳ ಗೌರವದಿಂದ ಹಂಸಿನಿಯ ಹೆಗಲಿನಿಂದ ಶಾಲು ತೆಗೆದು ಮಡಚಿದರು. ಹಣ್ಣಿನ ಬುಟ್ಟಿಯನ್ನು ಮಾತ್ರ ಇಟ್ಟುಕೊಳ್ಳಲು ಹೇಳಿದರು.

ಮನೆಗೆ ಬಂದ ಮೇಲೆ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಹಂಸಿನಿ ಕೇಳಿದ್ದು ಒಂದೇ ಮಾತು.

“ದೊಡ್ಡಮ್ಮ, ಆ ಕೊನೇ ಬಾಲು ಒಳಗೆ ಬಿತ್ತಾ?”

ಒಳಗೆ ಬಿದ್ದಿದ್ದರೆ ಅವಳು ಗೆದ್ದಿದ್ದಳು. ತಾನು ಬೀಳುವ ಮೊದಲೇ ಗೆದ್ದಿದ್ದಳು. ನಾನು ಎಲ್ಲರನ್ನೂ ವಿಚಾರಿಸಿದೆ. ಅಂಪೈರು ಬೊಂಬೆಯನ್ನು ನೋಡುತ್ತಿದ್ದರಂತೆ. ಜವರಪ್ಪ ಮೀಟರನ್ನು. ಚೆಲುವಮ್ಮ ಕಾಫಿ ಹಿಡಿದು ಬಂದದ್ದೇ ಅವಳು ಬಿದ್ದ ಮೇಲೆ. ಹುಬ್ಬಳ್ಳಿಗೆ ಫೋನು ಮಾಡಿದರೆ ದಾನೇಶ್ವರಿ, “ನಾ ಅಕ್ಕಾ ಬಿದ್ದದ್ದು ನೋಡಿದ್ನ್ರೀ, ಬಾಲ್ ನೋಡ್ಲಿಲ್ರೀ,” ಎಂದು ಅತ್ತಳು. ಆ ಹೊತ್ತಿನಲ್ಲಿ ಎರಡೂ ಕಣ್ಣು ತೆರೆದು ಕೋರ್ಟಿನತ್ತಲೇ ನೋಡುತ್ತಿದ್ದದ್ದು ದೃಷ್ಟಿಬೊಂಬೆಯೊಂದೇ. ಅದು ಇನ್ನೂ ಬೇಲಿಯಲ್ಲಿ ನಾಲಿಗೆ ಚಾಚಿಕೊಂಡು ನೇತಾಡುತ್ತಿದೆ.

ಹಂಸಿನಿ ದಿನಾ ಕೇಳುತ್ತಾಳೆ. ‘ಬಿತ್ತು ಕಣೇ, ಗೆರೆಯ ಮೇಲೇ ಬಿತ್ತು’ ಎಂದು ದಿನಾ ಹೇಳುತ್ತೇನೆ. ಅವಳು ನನ್ನ ಮುಖವನ್ನೇ ನೋಡುತ್ತಾಳೆ.

ಮುಂದಿನ ಸೀಸನ್ನಿಗೆ ಹೆಸರು ಸೂಚಿಸಿ ಎಂದು ಬಳಗದವರು ಮತ್ತೆ ಕೇಳಿದ್ದಾರೆ. ಈ ಸಲ ಯಾವ ಮೀಟರೂ ತಪ್ಪೆನ್ನಲಾರದಂಥ ಹೆಸರು ಕೊಟ್ಟಿದ್ದೇನೆ. ಆ ಬಾಲಿನದು.